ಗೋಡೆಗೆ ಹೇಳಿದ್ದು

ಓಚ್ಚಮ್ಮಾಳೂ ಗೋವಿಂದಮ್ಮಾಳೂ ಮಾತು ಬಿಟ್ಟು ಇಪ್ಪತ್ತು ವರ್ಷ ದಾಟಿತ್ತು. ಆ ಇಪ್ಪತ್ತು ವರ್ಷದಲ್ಲಿ ಇಬ್ಬರೂ ಮಾತಾಡದ ದಿನ ಒಂದೂ ಇರಲಿಲ್ಲ. ಹೊರಗಿನವರಿಗೆ ಇದು ವಿಚಿತ್ರ ಅನ್ನಿಸಬಹುದು. ಊರಿನಲ್ಲಿ ಯಾರಿಗೂ ಅನ್ನಿಸಿರಲಿಲ್ಲ, ಯಾಕೆಂದರೆ ನಡುವೆ ಗೋಡೆ ಇತ್ತು.

ಇಬ್ಬರೂ ಓರಗಿತ್ತಿಯರು, ಅಣ್ಣತಮ್ಮಂದಿರ ಹೆಂಡಿರು. ಗೋವಿಂದಮ್ಮಾಳ್ ದೊಡ್ಡವಳು, ಓಚ್ಚಮ್ಮಾಳ್ ಚಿಕ್ಕವಳು. ಉತ್ತಮಪಾಳಯಂ ದಾಟಿ ಕಂಬಂ ಕಡೆಗೆ ಹೋಗುವ ರಸ್ತೆಯಿಂದ ಒಂದಿಷ್ಟು ಒಳಕ್ಕೆ, ದ್ರಾಕ್ಷಿ ಚಪ್ಪರಗಳ ನಡುವೆ ಇರುವ ಊರು ಅವರದು. ಅಲ್ಲಿ ಎಷ್ಟೋ ತಲೆಮಾರಿನಿಂದ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಪಾಲಾದಾಗ ಮಾವನ ಮನೆಯ ನಡುವೆ ಮಣ್ಣಿನ ಗೋಡೆ ಎಬ್ಬಿಸಿ ಒಂದನ್ನು ಎರಡು ಮಾಡಿದ್ದರು. ಗೋಡೆಯ ಈಚೆ ಓಚ್ಚಮ್ಮಾಳ ಒಲೆ, ಆಚೆ ಗೋವಿಂದಮ್ಮಾಳ ಒಲೆ. ಗೋಡೆ ಹೆಂಚಿನವರೆಗೆ ಮುಟ್ಟಿರಲಿಲ್ಲ. ಕಟ್ಟಿದವನಿಗೆ ಮಣ್ಣು ಸಾಲಲಿಲ್ಲವೋ ಮನಸ್ಸು ಸಾಲಲಿಲ್ಲವೋ, ಮೇಲೆ ಮೊಳದಷ್ಟು ಸಂದು ಬಿಟ್ಟಿದ್ದ. ಆ ಸಂದಿನಲ್ಲಿ ಹೊಗೆ, ಹಲ್ಲಿ, ಮಾತು ಮೂರೂ ಓಡಾಡುತ್ತಿದ್ದವು.

ಜಗಳದ ಮೂಲ ಒಂದು ಕರು. ಅವರ ಜನದಲ್ಲಿ ದೇವರಿಗೆ ಬಿಟ್ಟ ದನಗಳ ದೊಡ್ಡಿ ಒಂದುಂಟು. ಪೊಂಗಲ್ ದಿನ ಮನೆಯಲ್ಲಿ ಕರು ಹುಟ್ಟಿದರೆ ಅದು ಮನೆಯದಲ್ಲ, ದೊಡ್ಡಿಯದು. ಕೊಂಡೊಯ್ದು ಬಿಟ್ಟವರಿಗೆ ಪುಣ್ಯ. ಪಾಲಾಗಿ ವರ್ಷವೂ ಆಗಿರಲಿಲ್ಲ, ಗೋವಿಂದಮ್ಮಾಳ ಪಾಲಿಗೆ ಬಂದಿದ್ದ ಹಸು ಸರಿಯಾಗಿ ಪೊಂಗಲ್ ದಿನವೇ ಈಯಿತು. ಅವಳೋ ತವರಿಗೆಂದು ಪೆರಿಯಕುಳಕ್ಕೆ ಹೋಗಿದ್ದಳು. ಹೊತ್ತು ಮೀರಬಾರದೆಂದು ಓಚ್ಚಮ್ಮಾಳೇ ಕರುವನ್ನು ಎತ್ತಿಕೊಂಡು ಹೋಗಿ ಬಿಟ್ಟಳು. ಯಾರ ಹೆಸರಲ್ಲಿ ಎಂದು ಕೇಳಿದಾಗ ತನ್ನ ಹೆಸರು ಹೇಳಿದಳು. ಆ ಹೊತ್ತಿಗೆ ಬೇರೆ ಯಾವ ಹೆಸರೂ ಬಾಯಿಗೆ ಬರಲಿಲ್ಲ ಎಂಬುದು ಅವಳ ವಾದ. ಗೋವಿಂದಮ್ಮಾಳ್ ಬಂದವಳೇ ವಿಷಯ ಕೇಳಿ, ಕಾಲು ಕೂಡ ತೊಳೆಯದೆ ದೊಡ್ಡಿಗೆ ಹೋಗಿ, ಹಿಂಡಿನ ಹಿರಿಯ ಎತ್ತಿನ ಮುಂದೆ ಕರ್ಪೂರ ಹಚ್ಚಿ, ಇನ್ನು ಅವಳ ಮುಖ ನೋಡಿ ಮಾತಾಡುವುದಿಲ್ಲ ಎಂದು ಆಣೆ ಇಟ್ಟಳು. ಓಚ್ಚಮ್ಮಾಳೇನು ಕಡಿಮೆಯೇ, ಮಾರನೆಯ ದಿನ ಹೋಗಿ ಅದೇ ಎತ್ತಿನ ಮುಂದೆ ಅದೇ ಆಣೆ ತಾನೂ ಇಟ್ಟು ಬಂದಳು. ಎತ್ತು ಎರಡು ದಿನವೂ ಮೆಲುಕು ಹಾಕುತ್ತಿತ್ತು. ಅದರ ಮುಂದೆ ಇಟ್ಟ ಆಣೆಯನ್ನು ಹಿಂದಕ್ಕೆ ಪಡೆಯುವ ಪದ್ಧತಿ ಅವರಲ್ಲಿಲ್ಲ. ಎತ್ತು ಸತ್ತು ಬೇರೆ ಎತ್ತು ಬಂದರೂ ಆಣೆ ಹಾಗೇ ಇರುತ್ತದೆ.

ಆದರೆ ಆಣೆ ಇಟ್ಟದ್ದು ಮುಖ ನೋಡಿ ಮಾತಾಡುವುದರ ಮೇಲೆ. ಇದನ್ನು ಮೊದಲು ಕಂಡುಕೊಂಡವಳು ಗೋವಿಂದಮ್ಮಾಳೇ. ಒಂದು ಬೆಳಗ್ಗೆ ಅವಳು ತನ್ನ ಪೊರಕೆಗೆ, ಕೆಲವರ ಮನೆಯ ಸಾರಿಗೆ ಉಪ್ಪೇ ಗೊತ್ತಿಲ್ಲವಂತೆ ಎಂದು ಹೇಳಿದಳು, ಸಾಕಷ್ಟು ಗಟ್ಟಿಯಾಗಿ. ಈಚೆಯಿಂದ ಓಚ್ಚಮ್ಮಾಳ್ ತನ್ನ ಮಡಕೆಗೆ, ಕಂಡವರ ಸಾರು ಮೂಸುವ ಮೂಗಿಗೆ ದೇವರು ಕೆಲಸ ಕೊಟ್ಟಿಲ್ಲವೇನೋ ಎಂದಳು. ಅಲ್ಲಿಗೆ ದಾರಿ ತೆರೆಯಿತು. ಅಂದಿನಿಂದ ಒಲೆ ಹಚ್ಚುವ ಹೊತ್ತಿಗೆ ಒಂದು ಸಲ, ಆರಿಸುವ ಹೊತ್ತಿಗೆ ಒಂದು ಸಲ ಗೋಡೆಯ ಎರಡೂ ಕಡೆ ಮಡಕೆ, ಪೊರಕೆ, ಕೋಳಿ, ಬೆಕ್ಕು ಎಲ್ಲವೂ ಬೈಸಿಕೊಳ್ಳುತ್ತಿದ್ದವು. ಬೈಗುಳದ ನಡುವೆ ಬೇಕಾದ ವಿಷಯವೂ ದಾಟುತ್ತಿತ್ತು. ಓಚ್ಚಮ್ಮಾಳ ಮಗ ಮಾದವನ್ ಚಿಕ್ಕವನಿದ್ದಾಗ ಜ್ವರ ಇಳಿಯದೆ ಒದ್ದಾಡಿದ ದಿನ, ಯಾವ ಸೊಪ್ಪು ಕುದಿಸಿ ಕುಡಿಸಬೇಕೆಂದು ಗೋವಿಂದಮ್ಮಾಳ್ ತನ್ನ ಹೇಂಟೆಗೆ ವಿವರವಾಗಿ ಹೇಳಿದ್ದಳು. ಗೋವಿಂದಮ್ಮಾಳ ಗಂಡ ಹೋದ ಸಂಜೆ, ಮಣ್ಣು ಮಾಡಿ ಬಂದವರೆಲ್ಲ ಎದ್ದು ಹೋದ ಮೇಲೆ, ಓಚ್ಚಮ್ಮಾಳ್ ಒಲೆಯ ಮುಂದೆ ಕೂತು, ಉಪವಾಸ ಕೂತರೆ ಹೋದವರು ಬರುತ್ತಾರೇನೇ ಮಡಕೆ, ಎರಡು ತುತ್ತು ತಿನ್ನಬಾರದೇನೇ ಎಂದು ಹೇಳುತ್ತಲೇ ಇದ್ದಳು. ಆಚೆ ತಟ್ಟೆ ಸದ್ದಾಗುವವರೆಗೆ ಹೇಳಿದಳು.

ಇದೆಲ್ಲ ನಡೆಯುತ್ತಿದ್ದದ್ದು ಕನ್ನಡದಲ್ಲಿ. ಓಚ್ಚಮ್ಮಾಳ ಗಂಡ ಮಾಯಾಂಡಿ ಮಾತಿನ ಮನುಷ್ಯನಲ್ಲ. ದ್ರಾಕ್ಷಿ ತೋಟಕ್ಕೆ ಹೋಗುತ್ತಾನೆ, ಬರುತ್ತಾನೆ, ಹೂಂ ಅನ್ನುತ್ತಾನೆ. ಹೂಂ ಯಾವ ಭಾಷೆಯೆಂದು ಹೇಳುವುದು ಕಷ್ಟ. ಮಗ ಮಾದವನ್‌ಗೆ ತಾಯಿ ಕನ್ನಡದಲ್ಲಿ ಕೇಳಿದರೆ ಅವನು ತಮಿಳಿನಲ್ಲಿ ಉತ್ತರ ಕೊಡುತ್ತಾನೆ. ಸೊಸೆ ಯುವಶ್ರೀ ದಿಂಡುಕ್ಕಲ್ಲಿನಲ್ಲಿ ಬೆಳೆದವಳು, ಅವರದೇ ಜನ, ಎಲ್ಲ ಅರ್ಥವಾಗುತ್ತದೆ, ಆಡಲು ನಾಚಿಕೆ. ಹೀಗಾಗಿ ಓಚ್ಚಮ್ಮಾಳ್ ಕನ್ನಡದಲ್ಲಿ ಏನಾದರೂ ಹೇಳಿ ಕನ್ನಡದಲ್ಲೇ ಏನಾದರೂ ಕೇಳಿಸಿಕೊಳ್ಳುವ ಜಾಗ ಆ ಗೋಡೆಯೊಂದೇ ಆಗಿತ್ತು. ಅವಳು ಇದನ್ನು ಯಾವತ್ತೂ ಯೋಚಿಸಿರಲಿಲ್ಲ. ಬೈಯುವುದಕ್ಕೆ ಪುರುಸೊತ್ತು ಇದ್ದವರು ಅಂಥದ್ದನ್ನೆಲ್ಲ ಯೋಚಿಸುವುದಿಲ್ಲ.

ಹೋದ ಐಪ್ಪಸಿ ತಿಂಗಳ, ದೀಪಾವಳಿ ಹೊತ್ತಿನ ಮಳೆಗೆ ಆ ಗೋಡೆ ಬಿತ್ತು. ಬೆಟ್ಟದ ಕಡೆಯಿಂದ ನೀರು ಬೀದಿಗೆ ನುಗ್ಗಿ, ಗೋಡೆಯ ಬುಡ ನೆನೆದು, ಮಧ್ಯಾಹ್ನ ಎಲ್ಲರೂ ಹೊರಗಿದ್ದಾಗ ಸದ್ದಿಲ್ಲದೆ ಕುಳಿತುಬಿಟ್ಟಿತು. ಹೆಂಚುಗಳೂ ಅದರ ಹಿಂದೆ ಬಂದವು. ಯಾರಿಗೂ ಏಟಾಗಲಿಲ್ಲ. ಮಳೆ ನಿಂತು ಒಳಗೆ ಹೋದಾಗ ಓಚ್ಚಮ್ಮಾಳ್ ಕಂಡದ್ದು ಮಣ್ಣಿನ ರಾಶಿ, ರಾಶಿಯ ಆಚೆ ನಿಂತು ತನ್ನನ್ನೇ ನೋಡುತ್ತಿರುವ ಗೋವಿಂದಮ್ಮಾಳ್. ಅಷ್ಟು ವರ್ಷಗಳ ಮೇಲೆ ಮನೆಯೊಳಗೇ ಎದುರೆದುರು. ಇಬ್ಬರಿಗೂ ಹೇಳುವುದು ಬೇಕಾದಷ್ಟಿತ್ತು, ಇಬ್ಬರೂ ಬಾಯಿ ಬಿಡುವ ಹಾಗಿರಲಿಲ್ಲ. ಓಚ್ಚಮ್ಮಾಳ್ ಮೊದಲು ಮಾಡಿದ ಕೆಲಸವೆಂದರೆ ತೋಟದಿಂದ ನೀಲಿ ಟಾರ್ಪಾಲು ತರಿಸಿ ನಡುವೆ ಕಟ್ಟಿಸಿದ್ದು. ಹಗ್ಗದ ಗಂಟು ಬಿಗಿಯುವ ಮೊದಲೇ ಗೋವಿಂದಮ್ಮಾಳ್ ಆಚೆಯಿಂದ ತನ್ನ ಬೆಕ್ಕಿಗೆ, ಗೋಡೆ ಯಾರ ಪಾಪಕ್ಕೆ ಬಿತ್ತು ಎನ್ನುವುದನ್ನು ವಿವರಿಸತೊಡಗಿದ್ದಳು. ಓಚ್ಚಮ್ಮಾಳಿಗೆ ಹೋದ ಜೀವ ಬಂದಂತಾಯಿತು.

ಮಾದವನ್ ಸಿವಿಲ್ ಡಿಪ್ಲೊಮಾ ಓದಿದವನು. ತೇನಿಯ ಬೈಪಾಸ್ ಪಕ್ಕ ಒಂದು ಶೆಡ್ ಹಾಕಿ ಹೊಸ ನಮೂನೆಯ ಕಲ್ಲು ಅಚ್ಚು ಹಾಕುತ್ತಿದ್ದ. ಈಚೆ ಒಂದು ಕಾಂಕ್ರೀಟ್ ಪದರ, ಆಚೆ ಒಂದು ಕಾಂಕ್ರೀಟ್ ಪದರ, ನಡುವೆ ಥರ್ಮೋಕೋಲಿನಂಥ ಬಿಳಿಯ ದಪ್ಪ ಪದರ. ಊರವರು ಅದಕ್ಕೆ ಕ್ರೀಮ್ ಬಿಸ್ಕತ್ತು ಎಂದು ಹೆಸರಿಟ್ಟಿದ್ದರು. ಹೊರಗಿನ ಬಿಸಿಲು ಒಳಗೆ ಬರುವುದಿಲ್ಲ, ಕಲ್ಲಿನ ತೂತುಗಳಲ್ಲಿ ಮೇಲಿಂದ ಕೆಳಕ್ಕೆ ಕಬ್ಬಿಣದ ಸರಳು ಇಳಿಸಿ ಕಾಂಕ್ರೀಟ್ ತುಂಬಿ ಅಡ್ಡಡ್ಡ ಪಟ್ಟಿ ಕಟ್ಟುವುದರಿಂದ ಗಾಳಿಗೂ ನೀರಿಗೂ ಭೂಮಿ ನಡುಗಿದರೂ ಗೋಡೆ ಅಲುಗುವುದಿಲ್ಲ ಎಂದು ಅವನು ಬಂದವರಿಗೆಲ್ಲ ಹೇಳುತ್ತಿದ್ದ. ಜನ ಹೂಂ ಎಂದು ಕೇಳಿ, ಹೋಗಿ ಇಟ್ಟಿಗೆ ಕೊಳ್ಳುತ್ತಿದ್ದರು. ಕಟ್ಟಿ ತೋರಿಸಲು ಒಂದು ಮನೆ ಬೇಕಿತ್ತು. ಈಗ ಐಪ್ಪಸಿ ಮಳೆ ಅವನಿಗೆ ಅಮ್ಮನ ಮನೆಯನ್ನೇ ಕೆಡವಿಕೊಟ್ಟಿತು.

ಮೇಸ್ತ್ರಿ ಕರುಪ್ಪಯ್ಯ ಬಂದ. ಹಳೆಯದನ್ನೆಲ್ಲ ತೆಗೆದು, ನೀರು ಬಂದರೂ ಮುಟ್ಟದಷ್ಟು ಎತ್ತರಕ್ಕೆ ಪಾಯ ಎಬ್ಬಿಸಿ, ಹೊಸ ಮನೆ ಕಟ್ಟತೊಡಗಿದ. ನಡುಗೋಡೆಯನ್ನೂ ಅದೇ ಕಲ್ಲಿನಲ್ಲಿ ಮೇಲಿನವರೆಗೆ ಸಂದಿಲ್ಲದೆ ಕಟ್ಟುವುದು, ದೊಡ್ಡಮ್ಮನ ಕಡೆಯ ಹೆಂಚಿನ ಮಾಡನ್ನು ಸರಿಮಾಡಿ ಆ ಗೋಡೆಗೇ ಕೂರಿಸಿಕೊಡುವುದು ಎಂದು ಮಾದವನ್ ಗೋವಿಂದಮ್ಮಾಳ ಮಗನೊಂದಿಗೆ ಮಾತಾಡಿಕೊಂಡ. ಆ ಮಗ ಬಾಳೆಕಾಯಿ ಲಾರಿ ಓಡಿಸುವವನು, ಕೇರಳಕ್ಕೂ ಊರಿಗೂ ನಡುವೆ ಇರುತ್ತಿದ್ದ, ಸರಿ ಎಂದ. ಕಟ್ಟುವಷ್ಟು ದಿನವೂ ಓಚ್ಚಮ್ಮಾಳ್ ಹಿಂದಿನ ಕೊಟ್ಟಿಗೆಯಲ್ಲಿ ಅಡುಗೆ ಮಾಡಿದಳು, ಟಾರ್ಪಾಲನ್ನೂ ಅಲ್ಲಿಗೇ ಎಳೆಸಿದಳು. ಗೋವಿಂದಮ್ಮಾಳೂ ತನ್ನ ಒಲೆಯನ್ನು ಅದರ ಆಚೆ ಬದಿಗೆ ತಂದುಕೊಂಡಳು. ಟಾರ್ಪಾಲಿನ ಕಾಲ ಅವರ ಜಗಳದ ಸುವರ್ಣಕಾಲ. ಪಿಸುಗುಟ್ಟಿದರೂ ಕೇಳುತ್ತಿತ್ತು.

ಬೇಸಿಗೆಯ ಕೊನೆಗೆ, ವೈಗಾಸಿ ತಿಂಗಳು ಮುಗಿಯುವಾಗ, ಹೊಸ ಮನೆಯಲ್ಲಿ ಹಾಲು ಉಕ್ಕಿಸಿದರು. ಅದರ ಹಿಂದಿನ ಸಂಜೆ, ಟಾರ್ಪಾಲಿನ ಕೊನೆಯ ದಿನ, ಓಚ್ಚಮ್ಮಾಳ್ ಖುಷಿಯ ಭರದಲ್ಲಿ ಮಡಕೆಗೆ ಒಂದು ಮಾತು ಹೆಚ್ಚೇ ಹೇಳಿದ್ದಳು. ಕೆಲವರ ಮಕ್ಕಳು ಮನೆ ಕಟ್ಟುತ್ತಾರೆ, ಕೆಲವರ ಮಕ್ಕಳು ಸ್ಟೀರಿಂಗ್ ತಿರುಗಿಸುತ್ತಾರೆ ಎಂದು. ಆಚೆಯಿಂದ ಉತ್ತರ ಬರಲಿಲ್ಲ. ಬೆಳಗ್ಗೆ ಬಂದೀತು ಎಂದು ಅವಳು ಮಲಗಿದಳು.

ಬೆಳಗ್ಗೆ ಬರಲಿಲ್ಲ. ಸಂಜೆಯೂ ಬರಲಿಲ್ಲ. ಹೊಸ ಅಡುಗೆಮನೆ ತಣ್ಣಗಿತ್ತು. ಹೊರಗೆ ರಸ್ತೆಯ ಟಾರು ಕರಗುವಂಥ ಬಿಸಿಲಿದ್ದರೂ ಒಳಗೆ ನೆಲದ ಮೇಲೆ ಮಲಗಿದರೆ ಮೈ ಜುಂ ಎನ್ನುತ್ತಿತ್ತು. ಅದು ಅವಳಿಗೆ ಇಷ್ಟವಾಯಿತು, ಸುಳ್ಳು ಯಾಕೆ ಹೇಳಬೇಕು. ಆನಿ ತಿಂಗಳ ಗಾಳಿ ಕಣಿವೆಗೆ ಇಳಿದು ಪಕ್ಕದ ಬೀದಿಯ ಎರಡು ಮನೆಯ ತಗಡು ಹಾರಿಸಿಕೊಂಡು ಹೋದಾಗ, ಇವಳ ಮನೆಯ ಕ್ಯಾಲೆಂಡರ್ ಕೂಡ ಅಲುಗಲಿಲ್ಲ. ಆದರೆ ಗೋಡೆ ಮಾತಾಡಲಿಲ್ಲ. ಆಚೆ ಒನಕೆ ಸದ್ದಿಲ್ಲ, ಕೋಳಿ ಸದ್ದಿಲ್ಲ, ಕೆಮ್ಮು ಕೂಡ ಇಲ್ಲ. ನನ್ನ ಮೇಲಿನ ಹಟಕ್ಕೆ ಕೆಮ್ಮುವುದನ್ನೂ ಬಿಟ್ಟಿದ್ದಾಳೆ ಎಂದುಕೊಂಡಳು ಓಚ್ಚಮ್ಮಾಳ್. ಗೋವಿಂದಮ್ಮಾಳ ಹಟ ಎಂಥದ್ದೆಂದು ಬಲ್ಲವರಿಗೆ ಇದು ಅಸಾಧ್ಯ ಅನ್ನಿಸುವುದಿಲ್ಲ.

ಅವಳು ತನ್ನ ಕಡೆಯಿಂದ ಎಲ್ಲ ಮಾಡಿದಳು. ಮೊದಲು, ಸ್ಟೀರಿಂಗ್ ತಿರುಗಿಸುವುದೂ ದೊಡ್ಡ ಕೆಲಸವೇ, ಘಟ್ಟದ ರಸ್ತೆಯಲ್ಲಿ ಎಲ್ಲರಿಗೂ ಬರುತ್ತದೆಯೇ ಎಂದು ಮಡಕೆಗೆ ಹೇಳಿದಳು. ಉತ್ತರವಿಲ್ಲ. ಆಮೇಲೆ, ತಿದ್ದಿಕೊಂಡರೂ ಕೊಬ್ಬು ಇಳಿಯದವರಿದ್ದಾರೆ ಎಂದಳು. ಅದಕ್ಕೂ ಇಲ್ಲ. ಪಿತ್ತ ನೆತ್ತಿಗೇರಿ, ಸತ್ತವರ ಹೆಸರನ್ನೂ ಎಳೆದು ತಂದು ಗಂಟಲು ಹರಿಯುವ ಹಾಗೆ ಬೈದಳು. ಆ ಮನೆಯಲ್ಲಿ ಬೈಗುಳ ನಾಲ್ಕು ಗೋಡೆಗೂ ಬಡಿದು ಅವಳ ಕಿವಿಗೇ ವಾಪಸು ಬರುತ್ತಿತ್ತು. ಮಾಯಾಂಡಿಗೆ ಮಧ್ಯಾಹ್ನದ ನಿದ್ದೆ ತಪ್ಪಿತು. ಇಪ್ಪತ್ತು ವರ್ಷ ಎರಡು ಹೆಂಗಸರ ಜಗಳದ ನಡುವೆ ಹಾಯಾಗಿ ಮಲಗಿದವನಿಗೆ ಒಬ್ಬಳೇ ಜಗಳವಾಡುವುದು ಸಹಿಸಲಾಗಲಿಲ್ಲ. ಅವನು ಚಾಪೆ ಎತ್ತಿಕೊಂಡು ತೋಟಕ್ಕೆ ಹೋದ.

ವಿಷಯ ಗೊತ್ತಾದದ್ದು ಗಿರಾಕಿಗಳಿಂದ. ಮನೆ ನೋಡಲು ಜನ ಬರತೊಡಗಿದ್ದರು. ಮಾದವನ್ ಅವರಿಗೆ ಪಿಸ್ತೂಲಿನಂಥ ಯಂತ್ರದಿಂದ ಗೋಡೆಯ ಬಿಸಿ ಅಳೆದು ತೋರಿಸುತ್ತಿದ್ದ, ಸುತ್ತಿಗೆಯಿಂದ ಬಡಿದು ತೋರಿಸುತ್ತಿದ್ದ. ಒಂದು ದಿನ ಬೋಡಿಯಿಂದ ಬಂದಿದ್ದ ದಂಪತಿಗೆ ಅವನು, ಪಕ್ಕದ ಮನೆಯ ಮಿಕ್ಸಿ, ಟಿವಿ, ಜಗಳ ಯಾವುದೂ ಈ ಗೋಡೆಯಲ್ಲಿ ದಾಟುವುದಿಲ್ಲ, ನಡುವಿನ ಪದರ ಎಲ್ಲ ನುಂಗಿಬಿಡುತ್ತದೆ ಎಂದು ಹೇಳುತ್ತಿರುವುದು ಒಲೆಯ ಮುಂದಿದ್ದ ಓಚ್ಚಮ್ಮಾಳ ಕಿವಿಗೆ ಬಿತ್ತು. ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಅಂದರೆ ಗೋವಿಂದಮ್ಮಾಳ್ ಸುಮ್ಮನಿರಲಿಲ್ಲ. ಅಷ್ಟು ದಿನವೂ ಆಚೆ ಅವಳೂ ಹೀಗೇ ಒಬ್ಬಳೇ ನಿಂತು ಬೈಯುತ್ತಿರಬೇಕು, ಉತ್ತರ ಬರದೆ ಇವಳ ಹಟಕ್ಕೆ ಉರಿಯುತ್ತಿರಬೇಕು. ಓಚ್ಚಮ್ಮಾಳಿಗೆ ಒಂದು ಕ್ಷಣ ಸಮಾಧಾನವಾಯಿತು, ಮರುಕ್ಷಣವೇ ಸೌಟು ಕೆಳಗಿಟ್ಟು ಎದ್ದಳು.

ಅವಳು ಕರುಪ್ಪಯ್ಯನನ್ನು ಕರೆಸಿ ಗೋಡೆಯ ಮೇಲಿನ ಮೂಲೆಯಲ್ಲಿ ಒಂದೇ ಒಂದು ಕಲ್ಲು ಕಿತ್ತುಕೊಡು ಎಂದಳು. ಕರುಪ್ಪಯ್ಯ ತಲೆ ಕೆರೆದುಕೊಂಡ. ಎಲ್ಲ ಕಲ್ಲಿನೊಳಗೂ ಒಂದೇ ಸರಳು ಓಡಿದೆ, ಒಂದನ್ನು ಕಿತ್ತರೆ ಹತ್ತು ಅಲುಗಬೇಕು, ಹತ್ತು ಅಲುಗದಿರಲಿ ಎಂದೇ ಕಟ್ಟಿದ್ದು ಎಂದ. ಮಗನನ್ನು ಕೇಳಿದಳು. ಮಾದವನ್ ನಕ್ಕು, ಬಾಗಿಲು ಇದೆಯಲ್ಲ, ಹೋಗಿ ಮಾತಾಡು ಎಂದ. ಎತ್ತಿನ ಮುಂದಿನ ಆಣೆ ಎಂದಳು. ಆ ಎತ್ತು ಸತ್ತು ಎಷ್ಟು ಕಾಲವಾಯಿತು ಎಂದ. ಈ ಕಾಲದ ಹುಡುಗರಿಗೆ ಕಾಂಕ್ರೀಟು ಎಷ್ಟು ದಿನ ನೆನೆಯಬೇಕೆಂದು ಗೊತ್ತು, ಆಣೆ ಎಷ್ಟು ದಿನ ಬಾಳುತ್ತದೆಂದು ಗೊತ್ತಿಲ್ಲ ಎಂದುಕೊಂಡು ಅವಳು ಎದ್ದು ಬಂದಳು.

ಬೀದಿಯನ್ನೂ ಪ್ರಯತ್ನಿಸಿದಳು. ಗೋವಿಂದಮ್ಮಾಳ್ ತನ್ನ ಜಗಲಿಯ ಮೇಲೆ ಕೂತು ಹುಣಸೆ ಬಿಡಿಸುತ್ತಿದ್ದಾಗ ಓಚ್ಚಮ್ಮಾಳ್ ಎದುರು ಹೋಗಿ ಬೀದಿಯಲ್ಲಿ ಮೇಯುತ್ತಿದ್ದ ಒಂದು ಆಡಿಗೆ ಏನೋ ಹೇಳಲು ಬಾಯಿ ತೆರೆದಳು. ಗೋವಿಂದಮ್ಮಾಳ್ ತಲೆ ಎತ್ತಲಿಲ್ಲ. ಸೆರಗು ಎಳೆದುಕೊಂಡು, ಒಂದು ಕೈಯಿಂದ ಜಗಲಿ ಹಿಡಿದು ನಿಧಾನಕ್ಕೆ ಎದ್ದು ಒಳಗೆ ಹೋದಳು. ತಪ್ಪು ಅವಳದಲ್ಲ. ಬಯಲಲ್ಲಿ, ಕಣ್ಣಿಗೆ ಕಣ್ಣು ಬೀಳುವಲ್ಲಿ ಆಡಿಗೆ ಹೇಳಿದರೂ ಅದು ಮುಖ ನೋಡಿ ಹೇಳಿದ್ದೇ ಆಗುತ್ತದೆ. ಅವಳ ಜಾಗದಲ್ಲಿ ಓಚ್ಚಮ್ಮಾಳ್ ಇದ್ದಿದ್ದರೂ ಎದ್ದೇ ಹೋಗುತ್ತಿದ್ದಳು. ಆದರೆ ಅವಳು ಯಾಕೆ ಅಷ್ಟು ಇಳಿದುಹೋಗಿದ್ದಾಳೆ, ಏಳುವುದಕ್ಕೆ ಜಗಲಿ ಯಾಕೆ ಹಿಡಿಯಬೇಕಾಯಿತು ಎನ್ನುವುದು ಓಚ್ಚಮ್ಮಾಳ ಮನಸ್ಸಿನಲ್ಲಿ ಕೂತಿತು. ಕೇಳೋಣವೆಂದರೆ ಕೇಳುವ ದಾರಿಯಿರಲಿಲ್ಲ.

ಆ ದಿನಗಳಲ್ಲಿ ಅವಳು ಮಂಕಾದಳು. ಯುವಶ್ರೀಗೆ ಕನ್ನಡದಲ್ಲಿ ಏನಾದರೂ ಹೇಳಿದರೆ ಅವಳು ಪ್ರೀತಿಯಿಂದಲೇ ತಮಿಳಿನಲ್ಲಿ ಉತ್ತರ ಕೊಡುತ್ತಿದ್ದಳು. ಒಮ್ಮೆ ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲಿದಾಗ ಬೈಯಬೇಕೆಂದು ಬಾಯಿ ತೆರೆದ ಓಚ್ಚಮ್ಮಾಳಿಗೆ ಬಂದದ್ದು ತಮಿಳು ಬೈಗುಳ. ಅವಳು ಬೆಚ್ಚಿದಳು. ಅವಳಿಗೆ ಗೋವಿಂದಮ್ಮಾಳ್ ಬೇಕಿತ್ತು, ಅದನ್ನು ಮುಚ್ಚಿಡುವುದಕ್ಕೆ ಏನೂ ಇಲ್ಲ.

ಆಡಿ ತಿಂಗಳಲ್ಲಿ ಪಳನಿಯಿಂದ ತಮಿಳ್‌ಸೆಲ್ವನ್ ಎಂಬ ಲಾಡ್ಜಿನ ಮಾಲೀಕ ಬಂದ. ಅವನಿಗೆ ಬಿಸಿಲಿನ ಚಿಂತೆಯಿಲ್ಲ, ಭೂಕಂಪದ ಚಿಂತೆಯೂ ಇಲ್ಲ. ಕಾವಡಿ ಹೊತ್ತು ಬರುವ ಯಾತ್ರಿಕರು ಬೆಳಗಿನ ಜಾವದಿಂದಲೇ ತಮಟೆ ಬಡಿಯುತ್ತಾರೆ, ಪಕ್ಕದ ಕೋಣೆಯಲ್ಲಿ ಮಲಗಿದ ಯಾತ್ರಿಕರು ಬಂದು ಜಗಳ ತೆಗೆಯುತ್ತಾರೆ. ಹೊಸ ಲಾಡ್ಜನ್ನು ಸದ್ದು ದಾಟದ ಹಾಗೆ ಕಟ್ಟಬೇಕು. ಅವನು ಬಿಸಿ ಅಳೆಯುವ ಯಂತ್ರದ ಕಡೆ ತಿರುಗಿಯೂ ನೋಡದೆ, ಆಚೆ ಯಾರನ್ನಾದರೂ ಕೂಗಿಸಿ, ನಾನು ಈಚೆ ನಿಂತು ಕೇಳುತ್ತೇನೆ ಎಂದ. ಇದು ದೊಡ್ಡ ಗಿರಾಕಿ. ಮಾದವನ್ ಒಂದು ಗಳಿಗೆ ಯೋಚಿಸಿ ದೊಡ್ಡಮ್ಮನ ಮನೆಗೆ ಓಡಿದ. ಕೂಗಿದ್ದಕ್ಕೆ ಸಾಕ್ಷಿ ಬೇಕಲ್ಲ, ಮೊಬೈಲಿನಲ್ಲಿ ವಿಡಿಯೊ ಹಿಡಿಯುತ್ತೇನೆ ಎಂದೂ ಹೇಳಿ ಹೋದ.

ಗೋವಿಂದಮ್ಮಾಳ್ ಇಂಥದ್ದಕ್ಕೆಲ್ಲ ಒಪ್ಪುವವಳಲ್ಲ. ಆದರೆ ಗೋಡೆಗೆ ಕೂಗಬೇಕು ಎಂದಾಗ ಕೂಡಲೇ ಎದ್ದು ಬಂದಳಂತೆ. ಏನು ಕೂಗಲಿ ಎಂದಷ್ಟೇ ಕೇಳಿದಳಂತೆ. ಏನಾದರೂ ಎಂದನಂತೆ ಮಾದವನ್.

ಈಚೆ ಅಡುಗೆಮನೆಯಲ್ಲಿ ತಮಿಳ್‌ಸೆಲ್ವನ್ ಗೋಡೆಗೆ ಕಿವಿ ಹಚ್ಚಿ ನಿಂತ. ಯುವಶ್ರೀ ಪಕ್ಕದಲ್ಲಿ ನಿಂತಳು. ಓಚ್ಚಮ್ಮಾಳ್ ಗೋಡೆಗೆ ಅಂಗೈ ಒತ್ತಿ ನಿಂತಳು. ಕಲ್ಲು ತಣ್ಣಗಿತ್ತು. ಹೊರಗೆ ಆಡಿ ಗಾಳಿ ಬಾಳೆ ಎಲೆಗಳನ್ನು ಸೀಳುತ್ತಿತ್ತು, ಅದೂ ಕೇಳುತ್ತಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ತಮಿಳ್‌ಸೆಲ್ವನ್, ಇನ್ನೂ ಶುರು ಮಾಡಿಲ್ಲವೇ ಎಂದು ಕೇಳಿದ. ಅಷ್ಟರಲ್ಲಿ ಮಾದವನ್ ಮುಗಿಸಿಕೊಂಡು ಬಂದೇಬಿಟ್ಟ. ಏನಾದರೂ ಕೇಳಿತೇ ಎಂದು ಕೇಳಿದ. ಸೂಜಿ ಬಿದ್ದಷ್ಟೂ ಇಲ್ಲ ಎಂದ ತಮಿಳ್‌ಸೆಲ್ವನ್. ಮಾದವನ್ ಹೆಮ್ಮೆಯಿಂದ ಮೊಬೈಲಿನ ಸದ್ದನ್ನು ಪೂರ್ತಿ ಏರಿಸಿ ವಿಡಿಯೊ ಹಾಕಿದ.

ಗೋವಿಂದಮ್ಮಾಳ ಬೆನ್ನು ಕಾಣಿಸಿತು, ನರೆತ ಪುಟ್ಟ ತುರುಬು ಕಾಣಿಸಿತು. ಅವಳು ಗೋಡೆಗೆ ಹತ್ತಿರ ನಿಂತು, ಗೋಡೆಯನ್ನೇ ಸೆವುರು ಎಂದು ಕರೆದು, ಬೆಟ್ಟದ ಆಚೆಯವರನ್ನು ಕರೆಯುವ ಹಾಗೆ ಕೂಗುತ್ತಿದ್ದಳು.

"ಏ ಸೆವುರೇ. ನಿಂಗೇ ಯೋಳ್ತಿವ್ನಿ, ಬ್ಯಾರೆ ಯಾರ್ಗೂ ಅಲ್ಲ. ಆ ಕಡೆ ಇರೋವ್ಳು ಬಾಯ್ಗೆ ಬೀಗ ಆಕ್ಕಂಡವ್ಳೆ, ಇರ್ಲಿ. ದಿನಾ ಯೋಳ್ದೆ, ಒಂದ್ ಮಾತೂ ತಿರುಪಿ ಬರ್ಲಿಲ್ಲ. ಒಟ್ಟೇಲಿ ಗಡ್ಡೆ ಐತಂತೆ. ಬೇಸ್ತ್ವಾರ ಮದುರೇಲಿ ಕೊಯ್ತಾರಂತೆ. ಮಗನ್ತಾವ, ಊರಲ್ಲಿ ಯಾರ್ಗೂ ಯೋಳ್ಬ್ಯಾಡ, ಭಯ ಇಲ್ಲ ಅಂದಿವ್ನಿ. ಭಯ ಐತೆ. ಮಯಕ್ಕದ ಸೂಜಿ ಆಕಿ ಮಲಗಿಸ್ತಾರಂತೆ. ಮಲಗ್ದೋಳು ಏಳ್ದೇ ಓದ್ರೆ ಅಂತ ಭಯ. ಓಗೋಕ್ ಮುಂದೆ ಅವ್ಳ ಬಾಯಲ್ಲಿ ನಾಕ್ ಮಾತು ಬೈಸ್ಕಂಡು ಓಗಾವ ಅಂತ ಕಾದೆ. ಬೈಯಾಕೂ ಯಾರೂ ಇಲ್ವಲ್ಲ ಸೆವುರೇ."

ವಿಡಿಯೊ ಅಲ್ಲಿಗೆ ನಿಂತಿತು. ತಮಿಳ್‌ಸೆಲ್ವನ್ ಬಹಳ ಸಂತೋಷಪಟ್ಟ. ಇಷ್ಟು ದೊಡ್ಡ 'ಸತ್ತಂ', ಇಂಥ ಸದ್ದು, ಒಂದು ಚೂರೂ ದಾಟಲಿಲ್ಲವಲ್ಲ ಎಂದು ಗೋಡೆಯನ್ನು ತಟ್ಟಿದ. ಅಮ್ಮ ಏನು ಹೇಳುತ್ತಾರೆ, ಅದು ಯಾವ ಭಾಷೆ, ತೆಲುಗೇ ಎಂದು ಕೇಳಿದ. ಮಾದವನ್‌ಗೆ ಅಷ್ಟು ವೇಗದ ಕನ್ನಡ ಪೂರ್ತಿ ಹಿಡಿಯಲು ಬಂದಿರಲಿಲ್ಲ, ವಿಡಿಯೊ ಹಿಡಿಯುವಾಗ ಅವನ ಗಮನ ಮೊಬೈಲಿನ ಮೇಲಿತ್ತು. ಏನೋ ಬೈಯುತ್ತಿದ್ದಾರೆ, ಅವರ ರೂಢಿ ಅದು ಎಂದ. ಯುವಶ್ರೀ ಅತ್ತೆಯ ಕಡೆ ನೋಡಿದಳು. ಸೊಸೆಯ ಕಣ್ಣು ತುಂಬಿತ್ತು.

ಓಚ್ಚಮ್ಮಾಳ್ ಇನ್ನೊಂದು ಸಲ ಹಾಕು ಎಂದಳು. ಇನ್ನೊಂದು ಸಲ ಹಾಕಿದ. ಮೂರನೆಯ ಸಲ ಕೇಳಿದಾಗ ಮಾದವನ್, ಗಿರಾಕಿಯನ್ನು ಹೊರಗೆ ಕರೆದುಕೊಂಡು ಹೋಗಬೇಕು ಎಂದು ಗೊಣಗಿದ. ಗೋವಿಂದಮ್ಮಾಳ್ ದಿನವೂ ಹೇಳಿದ್ದಳು. ಈಚೆ ಒಲೆಯ ಮುಂದೆ ತಾನು, ಕೆಮ್ಮನ್ನೂ ಬಿಟ್ಟಿದ್ದಾಳೆ ಎಂದು ಲೆಕ್ಕ ಹಾಕುತ್ತ ಕೂತಾಗ, ಆಚೆ ಅವಳು ಗಡ್ಡೆಯ ವಿಷಯ ಹೇಳುತ್ತ ನಿಂತಿದ್ದಳು. ಬೇಸ್ತವಾರಕ್ಕೆ ಇನ್ನೆಷ್ಟು ದಿನ ಎಂದು ಓಚ್ಚಮ್ಮಾಳ್ ಬೆರಳು ಮಡಿಸಲು ಹೋದಳು. ಮಡಿಸುವ ಅಗತ್ಯವಿರಲಿಲ್ಲ. ಅಂದು ಬುಧವಾರ.

ಅವಳು ಮುಖ ಒರೆಸಿಕೊಂಡು ತಮಿಳ್‌ಸೆಲ್ವನ್ ಕಡೆ ತಿರುಗಿದಳು. ತಮಿಳಿನಲ್ಲೇ, ಬಹಳ ಮರ್ಯಾದೆಯಿಂದ, ಒಂದು ಕಡೆಯಿಂದ ನೋಡಿದರೆ ಸಾಕೇ, ಸದ್ದು ಆಚೆಯಿಂದ ಈಚೆಗೆ ಬರಲಿಲ್ಲ ನಿಜ, ಈಚೆಯಿಂದ ಆಚೆಗೆ ಹೋಗುತ್ತದೋ ಇಲ್ಲವೋ ಯಾರು ಕಂಡರು, ಲಾಡ್ಜಿನಲ್ಲಿ ಎರಡು ಕಡೆಗೂ ಜನ ಇರುತ್ತಾರಲ್ಲ ಎಂದು ಕೇಳಿದಳು. ತಮಿಳ್‌ಸೆಲ್ವನ್‌ಗೆ ಇದು ನ್ಯಾಯವಾಗಿ ಕಂಡಿತು. ಎರಡೂ ಒಂದೇ ಎಂದು ಮಾದವನ್ ವಿಜ್ಞಾನ ಹೇಳಹೊರಟ. ನೋಡಿಬಿಡೋಣ ಎಂದು ಗಿರಾಕಿ ಆಗಲೇ ಚಪ್ಪಲಿ ಮೆಟ್ಟಿಕೊಂಡು ಆಚೆ ಮನೆಗೆ ಹೊರಟಿದ್ದ. ಮಾದವನ್ ಹಿಂದೆ ಓಡಿದ. ಮೊಬೈಲನ್ನು ಯುವಶ್ರೀ ತೆಗೆದುಕೊಂಡಳು.

ಓಚ್ಚಮ್ಮಾಳ್ ಸೆರಗು ಬಿಗಿದು ಗೋಡೆಗೆ ಎದುರಾಗಿ ನಿಂತಳು. ಬಾಯಿ ತೆರೆದಳು, ದನಿ ಮನೆಯೆಲ್ಲ ತುಂಬಿತು.

"ಏ ಸೆವುರೇ, ಕೇಳು. ಬೀಗ ಆಕ್ಕಂಡಿದ್ದು ನಾನಲ್ಲ, ನೀನು. ದಿನಾ ಬೈದಿವ್ನಿ, ಬೈದಿದ್ದೆಲ್ಲಾ ನೀನೇ ನುಂಗ್ಬುಟ್ಟೆ. ನಾಳೀಕೆ ಮದುರೆಗೆ ಓಗೋ ಕಾರ್ನಲ್ಲಿ ಮುಂದಿನ ಸೀಟು ನಂದು. ಇಂದೆ ಯಾರ್ ಕುಂತವ್ರೆ ಅಂತ ನಾನ್ ತಿರ್ಗಿ ನೋಡಾಕಿಲ್ಲ, ಆಣೆ ಆಣೆಯಾಗೇ ಇರ್ಲಿ. ಓಗೋವಾಗ ಮದುರೆಗಂಟ ಬೈತೀನಿ. ಬರೋವಾಗ್ಲೂ ಬೈಬೇಕು, ಬಾಕಿ ಬಾಳಾ ಐತೆ. ಅದ್ಕೇ ಎದ್ದು ಬರ್ಬೇಕು. ಯೋಳ್ಬುಡು ಅವ್ಳ್ಗೆ."

ಆಚೆಯಿಂದ ತಮಿಳ್‌ಸೆಲ್ವನ್ ತೃಪ್ತನಾಗಿ ಬಂದ. ಅಲ್ಲೂ ಏನೂ ಕೇಳಿಸಲಿಲ್ಲವಂತೆ. ಕಲ್ಲಿನ ಮಾತನ್ನು ಜಗಲಿಯ ಮೇಲೆ ಕೂತು ಮುಗಿಸೋಣವೆಂದು ಮಾದವನ್‌ನನ್ನು ಕರೆದುಕೊಂಡು ಹೋದ. ಯುವಶ್ರೀ ಮೊಬೈಲನ್ನು ಎರಡು ಕೈಯಲ್ಲಿ ಹಿಡಿದುಕೊಂಡು ದೊಡ್ಡತ್ತೆಯ ಮನೆಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಓಚ್ಚಮ್ಮಾಳ್ ಒಲೆ ಹಚ್ಚಿದಳು, ಆರಿಸಿದಳು, ಮತ್ತೆ ಹಚ್ಚಿದಳು. ಬಂದ ಯುವಶ್ರೀ ಹೇಳಿದ್ದು ಇಷ್ಟೇ: ಕಾರು ಬೆಳಗ್ಗೆ ಐದಕ್ಕೆ ಹೊರಡುತ್ತದೆ, ಲೇಟ್ ಮಾಡುವವರನ್ನು ಬಿಟ್ಟು ಹೋಗುತ್ತೇವೆ ಎಂದು ಬೆಕ್ಕಿಗೆ ಹೇಳಿದರು.

ಮಾರನೆಯ ದಿನ ಗೋವಿಂದಮ್ಮಾಳ ಮಗ ಸ್ನೇಹಿತನ ಕಾರು ತಂದಿದ್ದ. ಓಚ್ಚಮ್ಮಾಳ್ ಮೊದಲೇ ಹೋಗಿ ಮುಂದಿನ ಸೀಟಿನಲ್ಲಿ ಕೂತು, ಡ್ರೈವರಿನ ತಲೆಯ ಮೇಲಿದ್ದ ಕನ್ನಡಿಯನ್ನು ಆಕಾಶಕ್ಕೆ ತಿರುಗಿಸಿದಳು. ಹಿಂದಿನ ಬಾಗಿಲು ತೆರೆದು ಮುಚ್ಚಿದ ಸದ್ದಾಯಿತು, ಹಿಂದೆ ಒಂದು ನಿಟ್ಟುಸಿರು ಕೇಳಿಸಿತು. ಎಷ್ಟು ಹತ್ತಿರ ಕೇಳಿಸಿತೆಂದರೆ ಓಚ್ಚಮ್ಮಾಳಿಗೆ ಅಳು ಬಂತು. ಅವಳು ಮುಂದಿನ ಗಾಜಿಗೆ, ಕೆಲವರು ಆಸ್ಪತ್ರೆಗೆ ಹೊರಟರೂ ಮದುವೆಗೆ ಹೊರಟ ಹಾಗೆ ಮಲ್ಲಿಗೆ ಮುಡಿಯುತ್ತಾರೆ, ವಾಸನೆ ತಡೆಯಲಾಗುವುದಿಲ್ಲ ಎಂದು ಹೇಳಿದಳು. ಹಿಂದಿನಿಂದ ಗೋವಿಂದಮ್ಮಾಳ್ ತನ್ನ ಬುಟ್ಟಿಗೆ, ಮುಂದೆ ಕೂತವರು ತಲೆ ಬಾಚಿ ವಾರವಾದ ಹಾಗಿದೆ ಎಂದಳು. ಉತ್ತಮಪಾಳಯದಲ್ಲಿ ಶುರುವಾದದ್ದು ತೇನಿಯಲ್ಲೂ ನಿಲ್ಲಲಿಲ್ಲ. ಕಾರು ಓಡಿಸುತ್ತಿದ್ದ ಮಗನಿಗೆ ಅರ್ಧ ತಿಳಿಯುತ್ತಿತ್ತು, ಅರ್ಧ ತಿಳಿಯುತ್ತಿರಲಿಲ್ಲ. ಅಮ್ಮ ವಾರದಿಂದ ಭಯ ಇಲ್ಲ ಎನ್ನುವುದೊಂದನ್ನು ಬಿಟ್ಟು ತನ್ನ ಹತ್ತಿರ ಬೇರೆ ಮಾತೇ ಆಡಿರಲಿಲ್ಲ, ಈಗ ಉಸಿರು ಬಿಡದೆ ಆಡುತ್ತಿದ್ದಾಳೆ ಎಂಬುದು ಮಾತ್ರ ಪೂರ್ತಿ ತಿಳಿಯಿತು.

ಆಂಡಿಪಟ್ಟಿಯಲ್ಲಿ ಅವನು ಕಾರು ನಿಧಾನಿಸಿ, ಅಮ್ಮ ಏನೂ ಕುಡಿಯುವ ಹಾಗಿಲ್ಲ, ಚಿಕ್ಕಮ್ಮ ಇಳಿದು ಒಂದು ಟೀ ಕುಡಿಯಲಿ, ಅಮ್ಮನೂ ಕಾಲು ಚಾಚಿಕೊಳ್ಳಲಿ ಎಂದ.

"ಬ್ಯಾಡ" ಎಂದರು ಇಬ್ಬರೂ ಒಟ್ಟಿಗೆ.

ಇಳಿದರೆ ಮುಖ ನೋಡಬೇಕಾಗುತ್ತಿತ್ತು. ಅವನು ಗೇರು ಬದಲಿಸಿ ಮದುರೆಯ ಕಡೆಗೆ ಕಾರು ಓಡಿಸಿದ.